ಆಟ ತೆರೆದುಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

ವಿಡಿಯೊ ಗೇಮುಗಳ ಮಾತು ಬಂದಾಗ ಅವುಗಳ ಕಥೆ, ಚಿತ್ರ, ಸಂಗೀತಗಳನ್ನು ನೆನೆಯುತ್ತೇವೆಯೇ ಹೊರತು, ಆಟ ಶುರುವಾಗುವವರೆಗೆ ಪರದೆಯ ಮುಂದೆ ಸುಮ್ಮನೆ ಕುಳಿತು ಕಳೆದ ಹೊತ್ತನ್ನು ಯಾರೂ ನೆನೆಯುವುದಿಲ್ಲ. ಆ ಹೊತ್ತಿಗೂ ಒಂದು ಚರಿತ್ರೆಯಿದೆ. ಆಟ ಕಟ್ಟುವವರ ಜಾಣ್ಮೆ ಆಟದೊಳಗೆ ದುಡಿದಷ್ಟೇ ಆ ಹೊತ್ತಿನಲ್ಲೂ ದುಡಿದಿದೆ ಎಂದು ನಾನು ನಂಬಿದ್ದೇನೆ.

1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರಿಗೆ ಆಟಗಳು ಸಾಮಾನ್ಯ ಹಾಡಿನ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಟೇಪಿನ ಮೇಲೆ ಆಟವೆಂದರೆ ಬರಿಯ ಸದ್ದು: ಮೊದಲು ಏಕಸ್ವರದ ಒಂದು ಕೂಗು, ಅದರ ಬೆನ್ನಿಗೆ ಕಿವಿ ಕೊರೆಯುವ ಕರ್ಕಶ ಮೊರೆತ. ಸೆಕೆಂಡಿಗೆ ಸುಮಾರು 1,500 ಬಿಟ್‌ಗಳ ವೇಗದಲ್ಲಿ ಆ ಸದ್ದು ಕಂಪ್ಯೂಟರಿನೊಳಕ್ಕೆ ಇಳಿಯುತ್ತಿದ್ದುದರಿಂದ, 48 ಕಿಲೋಬೈಟಿನ ಮೆಮೊರಿ ತುಂಬಲು ನಾಲ್ಕೈದು ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತೂ ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಓಡುತ್ತಿದ್ದವು. ಕೂಗಿನ ಜೊತೆಗೆ ಕೆಂಪು ಮತ್ತು ತಿಳಿನೀಲಿಯ ದಪ್ಪ ಪಟ್ಟೆಗಳು ಕಂಡರೆ, ಮೊರೆತದ ಜೊತೆಗೆ ನೀಲಿ ಮತ್ತು ಹಳದಿಯ ಸಣ್ಣ ಗೆರೆಗಳು ಕಾಣುತ್ತಿದ್ದವು. ಮೊದಲು ಆಟದ ಮುಖಚಿತ್ರ ಬರುತ್ತಿತ್ತು, ಅದೂ ಒಮ್ಮೆಗೇ ಅಲ್ಲ. ಪರದೆಯ ಮೇಲಿನ ಮೂರನೇ ಒಂದು ಭಾಗ, ಆಮೇಲೆ ನಡುವಿನದು, ಕೊನೆಗೆ ಕೆಳಗಿನದು, ಹೀಗೆ ಗೆರೆ ಗೆರೆಯಾಗಿ ಬಣ್ಣವಿಲ್ಲದ ಚಿತ್ರವೊಂದು ಮೂಡುತ್ತಿತ್ತು. ಚಿತ್ರದ 6,144 ಬೈಟುಗಳು ಮುಗಿದ ಮೇಲೆ ಬಣ್ಣಕ್ಕೆ ಸಂಬಂಧಿಸಿದ 768 ಬೈಟುಗಳು ಬರುತ್ತಿದ್ದವು; ಆಗ ಆ ಬೋಳು ಚಿತ್ರದ ಮೇಲೆ ಮೇಲಿನಿಂದ ಕೆಳಕ್ಕೆ ಚೌಕ ಚೌಕವಾಗಿ ಬಣ್ಣ ಹರಿಯುತ್ತಿತ್ತು. ಯಂತ್ರವೊಂದು ತನ್ನೊಳಗೆ ಏನು ನಡೆಯುತ್ತಿದೆ ಎಂಬುದನ್ನು ಆಡುವವರಿಗೆ ಇಷ್ಟು ಬಿಚ್ಚಿ ತೋರಿಸಿದ್ದು ಆಮೇಲೆ ಅಪರೂಪವಾಯಿತು. ಟೇಪ್ ರೆಕಾರ್ಡರಿನ ದನಿ ತುಸು ಹೆಚ್ಚುಕಡಿಮೆಯಾಗಿದ್ದರೂ ಕೊನೆಯಲ್ಲಿ ‘ಟೇಪ್ ಲೋಡಿಂಗ್ ಎರರ್’ ಎಂಬ ಸಾಲೊಂದು ಕಾಣಿಸಿಕೊಂಡು, ಟೇಪನ್ನು ಹಿಂದಕ್ಕೆ ಸುತ್ತಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು.

ಬಾನುಲಿಯಲ್ಲಿ ಕುಳಿತು ಮಾತನಾಡುತ್ತಿರುವಾಗ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಕಂಪ್ಯೂಟರಿನ ಪ್ರೋಗ್ರಾಮೇ ಸದ್ದಾಗಿದ್ದ ಆ ಕಾಲದಲ್ಲಿ ನೆದರ್ಲೆಂಡ್ಸ್‌ನ ಎನ್‌ಒಎಸ್ ಬಾನುಲಿಯು ‘ಬೇಸಿಕೋಡ್’ ಎಂಬ ವಿಧಾನದಲ್ಲಿ ಪ್ರೋಗ್ರಾಮುಗಳನ್ನು ನೇರವಾಗಿ ಗಾಳಿಯಲ್ಲೇ ಪ್ರಸಾರ ಮಾಡುತ್ತಿತ್ತು. ಕೇಳುಗರು ಅದನ್ನು ಕ್ಯಾಸೆಟ್ಟಿಗೆ ಧ್ವನಿಮುದ್ರಿಸಿಕೊಂಡು ತಮ್ಮ ಕಂಪ್ಯೂಟರಿಗೆ ತುಂಬಿಕೊಳ್ಳುತ್ತಿದ್ದರು.

ಕಾರ್ಟ್ರಿಡ್ಜ್ ಎಂಬ, ಆಟ ತುಂಬಿದ ಪುಟ್ಟ ಡಬ್ಬಿಯನ್ನು ಬಳಸುವ ಕನ್ಸೋಲುಗಳಲ್ಲಿ, ಎಂದರೆ ಆಟಕ್ಕೆಂದೇ ಮಾಡಿದ ಯಂತ್ರಗಳಲ್ಲಿ, ಈ ಕಾಯುವಿಕೆಯೇ ಇರಲಿಲ್ಲವೆನ್ನಬಹುದು. ಆಟವಿರುವ ಚಿಪ್ ಪ್ರೊಸೆಸರಿಗೆ ನೇರವಾಗಿ ಜೋಡಣೆಯಾಗುತ್ತಿದ್ದುದರಿಂದ ಸ್ವಿಚ್ ಒತ್ತಿದೊಡನೆ ಆಟ. ಆದರೂ 1989ರ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಒಂದೆರಡು ಕ್ಷಣ ತಡೆದು, ತನ್ನ ಕಂಪನಿಯ ಹೆಸರನ್ನು ಮೇಲಿನಿಂದ ಮೆಲ್ಲನೆ ಇಳಿಸಿ, ‘ಟಿಂಗ್’ ಎಂದು ದನಿ ಮಾಡುತ್ತಿತ್ತು. ಆ ಹೆಸರಿನ ಚಿತ್ರವನ್ನು ಅದು ಓದುತ್ತಿದ್ದುದು ಕಾರ್ಟ್ರಿಡ್ಜಿನಿಂದಲೇ. ಅಲ್ಲಿರುವ 48 ಬೈಟುಗಳು ತನ್ನೊಳಗಿನ ಪ್ರತಿಗೆ ಹೊಂದದಿದ್ದರೆ ಅಲ್ಲಿಗೇ ನಿಂತುಬಿಡುತ್ತಿತ್ತು. ನೋಡುವವರಿಗೆ ಸ್ವಾಗತದಂತೆ ಕಂಡದ್ದು ನಿಜದಲ್ಲಿ ಬಾಗಿಲ ಬಳಿಯ ತಪಾಸಣೆಯಾಗಿತ್ತು.

1994ರಲ್ಲಿ ಪ್ಲೇಸ್ಟೇಷನ್ ಎಂಬ ಕನ್ಸೋಲು ಬಂದಾಗ ಸಿ.ಡಿ.ಯ ಜೊತೆಗೆ ಕಾಯುವಿಕೆಯೂ ಮರಳಿ ಬಂತು. ಅದರ ಮುಖ್ಯ ಮೆಮೊರಿ 2 ಮೆಗಾಬೈಟ್, ಸಿ.ಡಿ. ಓದುವ ವೇಗ ಸೆಕೆಂಡಿಗೆ 300 ಕಿಲೋಬೈಟ್. ಮೆಮೊರಿಯನ್ನು ಒಮ್ಮೆ ತುಂಬುವುದಕ್ಕೇ ಏಳು ಸೆಕೆಂಡು ಬೇಕೆಂದು ಯಾರಾದರೂ ಲೆಕ್ಕ ಹಾಕಬಹುದು. 1996ರ ರೆಸಿಡೆಂಟ್ ಈವಿಲ್ ಎಂಬ ಭಯದ ಆಟ ಈ ಏಳೆಂಟು ಸೆಕೆಂಡುಗಳನ್ನು ಬಳಸಿಕೊಂಡ ಬಗೆ ನನಗೆ ಇಂದಿಗೂ ಮೆಚ್ಚುಗೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತಲಲ್ಲಿ ಒಂದು ಬಾಗಿಲು ಮಾತ್ರ ಕಾಣುತ್ತದೆ, ಅದು ನಿಧಾನವಾಗಿ ತೆರೆಯುತ್ತದೆ, ಅಷ್ಟರಲ್ಲಿ ಮುಂದಿನ ಕೋಣೆ ಮೆಮೊರಿಗೆ ಬಂದಿರುತ್ತದೆ. ಒಳಗೆ ಏನು ಕಾದಿದೆಯೋ ಎಂಬ ಭಯಕ್ಕೆ ಆ ವಿಳಂಬವೇ ನೀರೆರೆಯುತ್ತಿತ್ತು.

ನಾಮ್ಕೊ ಕಂಪನಿ ಬೇರೆ ದಾರಿ ಹಿಡಿದು, ರಿಡ್ಜ್ ರೇಸರ್ ಎಂಬ ಕಾರು ಓಟದ ಆಟ ಲೋಡ್ ಆಗುವಾಗ, ಎಂದರೆ ಮೆಮೊರಿಗೆ ತುಂಬಿಕೊಳ್ಳುವಾಗ, ಹಳೆಯ ಗ್ಯಾಲಕ್ಸಿಯನ್ ಆಟವನ್ನು ಆಡಲು ಕೊಟ್ಟಿತು. ಆದರೆ ಲೋಡಿಂಗ್ ಹೊತ್ತಿನಲ್ಲಿ ಕಿರು ಆಟ ಆಡಿಸುವ ಈ ಉಪಾಯಕ್ಕೆ 1998ರಲ್ಲಿ ಅಮೆರಿಕದಲ್ಲಿ ಪೇಟೆಂಟನ್ನೂ ಪಡೆದುಕೊಂಡಿತು. ಕೊಮೊಡೋರ್ 64 ಎಂಬ ಕಂಪ್ಯೂಟರಿನ ಕೆಲವು ಕ್ಯಾಸೆಟ್ಟುಗಳು 1980ರ ದಶಕದಲ್ಲೇ ಇಂಥದ್ದನ್ನು ಮಾಡಿದ್ದವು. ಪೇಟೆಂಟಿನ ಅವಧಿ ಮುಗಿದದ್ದು 2015ರಲ್ಲಿ; ಕಾಯುವಿಕೆ ಅತ್ಯಂತ ದೀರ್ಘವಾಗಿದ್ದ ವರ್ಷಗಳೆಲ್ಲ, ಈ ಉಪಾಯ ಒಂದೇ ಕಂಪನಿಯ ಹಕ್ಕಾಗಿದ್ದಾಗಲೇ, ಹೀಗೆ ಕಳೆದುಹೋದವು. ಇದನ್ನು ನಾನು ನಷ್ಟವೆಂದೇ ಎಣಿಸುತ್ತೇನೆ.

ಎಲ್ಲ ತಪ್ಪನ್ನೂ ಡಿಸ್ಕಿನ ಮೇಲೆ ಹೊರಿಸುವುದೂ ಸರಿಯಲ್ಲ. ಅಂತರ್ಜಾಲದಲ್ಲಿ ಹಲವರು ಕೂಡಿ ಆಡುವ ಜಿಟಿಎ ಆನ್‌ಲೈನ್ ಎಂಬ ಆಟ ತೆರೆಯಲು ಹಲವು ನಿಮಿಷ ಹಿಡಿಯುತ್ತಿದ್ದುದರ ಕಾರಣವನ್ನು 2021ರಲ್ಲಿ ಹೊರಗಿನ ಪ್ರೋಗ್ರಾಮರರೊಬ್ಬರು ಹುಡುಕಿ ತೆಗೆದರು. ಸುಮಾರು 63,000 ವಸ್ತುಗಳ ಪಟ್ಟಿಯೊಂದನ್ನು ಓದುವಾಗ, ಪ್ರತಿ ಪದಕ್ಕೂ ಉಳಿದ ಇಡೀ ಪಠ್ಯದ ಉದ್ದವನ್ನು ಹೊಸದಾಗಿ ಅಳೆಯುವಂತೆ ಆ ಪ್ರೋಗ್ರಾಮು ಬರೆಯಲಾಗಿತ್ತು. ಅದನ್ನೂ ಆ ಪಟ್ಟಿಗೆ ಸಂಬಂಧಿಸಿದ ಇನ್ನೊಂದು ದೋಷವನ್ನೂ ಸರಿಪಡಿಸಿದಾಗ ಅವರ ಕಂಪ್ಯೂಟರಿನಲ್ಲಿ ಕಾಯುವ ಹೊತ್ತು ಶೇಕಡಾ 70ರಷ್ಟು ಇಳಿಯಿತು. ಕಂಪನಿಯೂ ಆ ತಿದ್ದುಪಡಿಯನ್ನು ಒಪ್ಪಿ ಅಳವಡಿಸಿಕೊಂಡಿತು.

2020ರ ಕನ್ಸೋಲುಗಳಲ್ಲಿ ತಿರುಗುವ ಡಿಸ್ಕಿನ ಜಾಗಕ್ಕೆ ತಿರುಗುವ ಭಾಗವೇ ಇಲ್ಲದ, ಚಿಪ್‌ಗಳಿಂದಾದ ಎಸ್‌ಎಸ್‌ಡಿ ಬಂತು. ಹಿಂದೆ ಡಿಸ್ಕಿನ ಓದುವ ಮುಳ್ಳು ದೂರ ಓಡಾಡಬಾರದೆಂದು ಒಂದೇ ವಸ್ತುವಿನ ಮಾಹಿತಿಯನ್ನು ಹಲವೆಡೆ ಬರೆದಿಡುತ್ತಿದ್ದರು. ಸ್ಪೈಡರ್‌ಮ್ಯಾನ್ ಆಟದಲ್ಲಿ ಬೀದಿಯ ಅಂಚೆಪೆಟ್ಟಿಗೆಯಂಥ ವಸ್ತುಗಳು ಡಿಸ್ಕಿನ ಮೇಲೆ 400 ಸಲ ಇದ್ದವೆಂದು ಪ್ಲೇಸ್ಟೇಷನ್ 5ರ ವಿನ್ಯಾಸದ ರೂವಾರಿ ಮಾರ್ಕ್ ಸರ್ನಿ ವಿವರಿಸಿದ್ದಾರೆ. ಈಗ ಅದರ ಅಗತ್ಯವಿಲ್ಲ. ನಿಲ್ಲಿಸಿದ ಆಟ ನಿಲ್ಲಿಸಿದ ಜಾಗದಲ್ಲೇ ಕೆಲವೇ ಸೆಕೆಂಡುಗಳಲ್ಲಿ ತೆರೆದುಕೊಳ್ಳುತ್ತದೆ. ಆ ನಿಮಿಷಗಳು ಮರಳಿ ಬರಲೆಂದು ನಾನು ಬಯಸುವುದಿಲ್ಲ. ಆದರೆ ಅವುಗಳ ಜೊತೆಗೆ ಆರಂಭದ ಪರದೆಯೂ ಕಿರಿದಾಗುತ್ತಿರುವುದು ನೋವಿನ ಸಂಗತಿ.

2000ದ ಪ್ಲೇಸ್ಟೇಷನ್ 2ರ ಆರಂಭದ ಪರದೆಯನ್ನೇ ನೋಡಿ. ನೀಲಿಗತ್ತಲಿನಲ್ಲಿ ಗೋಪುರಗಳಂತೆ ಕಂಬಗಳು ನಿಂತಿರುತ್ತವೆ. ಆಡಿದ ಆಟಗಳ ದಾಖಲೆಯನ್ನು, ಅದನ್ನು ಉಳಿಸಿಡುವ ಮೆಮೊರಿ ಕಾರ್ಡಿನಿಂದ ಓದಿ, ಒಂದೊಂದು ಆಟಕ್ಕೆ ಒಂದೊಂದು ಕಂಬ ಎಬ್ಬಿಸಿ, ಹೆಚ್ಚು ಸಲ ಆಡಿದ ಆಟದ ಕಂಬವನ್ನು ಎತ್ತರಿಸುತ್ತಿತ್ತು ಆ ಯಂತ್ರ. ಅದನ್ನು ಯಾವ ಕೈಪಿಡಿಯ ನೆರವೂ ಇಲ್ಲದೆ, ದಿನವೂ ನೋಡುತ್ತ ನೋಡುತ್ತ ಗುರುತಿಸಿದವರು ಕೆಲವರು. ಹಳೆಯ ಕಾರ್ಡು ಕೆಡದೆ ಉಳಿದಿದ್ದರೆ, ಇಂದು ಹಾಕಿದರೂ ಆ ಕಂಬಗಳು ಅಂದಿನ ಎತ್ತರಕ್ಕೇ ಎದ್ದು ನಿಲ್ಲುತ್ತವೆ.

ನಮಸ್ಕಾರ.