ಎಷ್ಟು ಪಟ್ಟು, ಎಷ್ಟು ಆಕಾಶ: ದೂರದರ್ಶಕದ ವರ್ಧನೆ ಮತ್ತು ದೃಷ್ಟಿಕ್ಷೇತ್ರ

ಮಾನ್ಯ ಸಭಿಕರೇ,

ದೂರದರ್ಶಕದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು. ಉಪಕರಣದ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ದುರ್ಬಲವಾದ ಪ್ರಶ್ನೆ ಇಲ್ಲವೆಂದೇ ನನ್ನ ಅಭಿಪ್ರಾಯ. ಮುಖ್ಯ ಮಸೂರದ ಅಥವಾ ಕನ್ನಡಿಯ ನಾಭಿದೂರವನ್ನು (ಅದರಿಂದ ದೂರದ ಬೆಳಕು ಒಂದೆಡೆ ಕೂಡುವ ಬಿಂದುವಿನವರೆಗಿನ ಅಂತರವನ್ನು) ಐಪೀಸಿನ, ಅಂದರೆ ಕಣ್ಣಿಡುವ ಕಡೆಯ ಚಿಕ್ಕ ಮಸೂರಜೋಡಣೆಯ, ನಾಭಿದೂರದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ವರ್ಧನೆ. ಐಪೀಸ್ ಬದಲಾದೊಡನೆ ಅದೂ ಬದಲಾಗುತ್ತದೆ. 150 ಮಿ.ಮೀ. ವ್ಯಾಸದ, 1200 ಮಿ.ಮೀ. ನಾಭಿದೂರದ ಒಂದು ದೂರದರ್ಶಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 25 ಮಿ.ಮೀ. ಐಪೀಸ್ ಹಾಕಿದರೆ ವರ್ಧನೆ 48 ಪಟ್ಟು, 6 ಮಿ.ಮೀ. ಹಾಕಿದರೆ 200 ಪಟ್ಟು.

ಹಾಗಾದರೆ 200 ಪಟ್ಟನ್ನೇ ಏಕೆ ಇಟ್ಟುಕೊಳ್ಳಬಾರದು? ಐಪೀಸಿನೊಳಗೆ ಇಣುಕಿದಾಗ ಕಾಣುವ ವೃತ್ತ ನಮ್ಮ ಕಣ್ಣಿಗೆ ಎಷ್ಟು ಅಗಲವಾಗಿ ತೋರುತ್ತದೆಯೋ ಅದು ತೋರಿಕೆಯ ಕ್ಷೇತ್ರ. ಪ್ಲಾಸೆಲ್ ಎಂಬ ಸಾಮಾನ್ಯ ಬಗೆಯ ಐಪೀಸುಗಳಲ್ಲಿ ಅದು ಸುಮಾರು 50 ಡಿಗ್ರಿ. ಇದನ್ನು ವರ್ಧನೆಯಿಂದ ಭಾಗಿಸಿದರೆ ಆ ವೃತ್ತದೊಳಗೆ ಸಿಕ್ಕಿರುವ ಆಕಾಶದ ನಿಜವಾದ ಅಗಲ ಹೆಚ್ಚುಕಡಿಮೆ ದೊರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 48 ಪಟ್ಟಿಗೆ ಸುಮಾರು ಒಂದು ಡಿಗ್ರಿ, 200 ಪಟ್ಟಿಗೆ ಕಾಲು ಡಿಗ್ರಿ. ಚಂದ್ರನ ವ್ಯಾಸವೇ ಅರ್ಧ ಡಿಗ್ರಿಯಾದ್ದರಿಂದ ಮೊದಲನೆಯದರಲ್ಲಿ ಪೂರ್ಣಚಂದ್ರ ಸುತ್ತಲೂ ಕತ್ತಲೆಯನ್ನು ಬಿಟ್ಟುಕೊಂಡು ನಿಲ್ಲುತ್ತಾನೆ, ಎರಡನೆಯದರಲ್ಲಿ ಅವನ ಒಂದು ಭಾಗ ಮಾತ್ರ ಹಿಡಿಯುತ್ತದೆ. ಗೆಲಿಲಿಯೊಗೂ ಇದೇ ಇಕ್ಕಟ್ಟು ಇತ್ತು: ನಿಮ್ನ ಮಸೂರವನ್ನು ಕಣ್ಣಿನ ಬಳಿ ಇಟ್ಟ ಅವನ ಸುಮಾರು 20 ಪಟ್ಟಿನ ಉಪಕರಣದಲ್ಲಿ ಇಡೀ ಚಂದ್ರ ಒಮ್ಮೆಗೇ ಕಾಣುತ್ತಿರಲಿಲ್ಲ. ಅಲ್ಲಿ ಪೀನ ಮಸೂರವನ್ನು ಇಡಬಹುದೆಂದು ಕೆಪ್ಲರ್ 1611ರಲ್ಲಿ ವಿವರಿಸಿದ. ಬಿಂಬ ತಲೆಕೆಳಗಾದರೂ ಕ್ಷೇತ್ರ ಅಗಲವಾಯಿತು.

ಇನ್ನೊಂದು ಮಿತಿ ಐಪೀಸಿನ ಕೊಳವೆಯದು. ಒಂದೂಕಾಲು ಇಂಚಿನ ಕೊಳವೆಯೊಳಗೆ ಬಿಂಬಕ್ಕೆ ಸಿಗುವ ಜಾಗ ಹೆಚ್ಚೆಂದರೆ ಸುಮಾರು 27 ಮಿ.ಮೀ. ಆದ್ದರಿಂದ 1200 ಮಿ.ಮೀ. ನಾಭಿದೂರದಲ್ಲಿ ಆ ಗಾತ್ರದ ಯಾವ ಐಪೀಸೂ ಸುಮಾರು 1.3 ಡಿಗ್ರಿಗಿಂತ ಹೆಚ್ಚು ಆಕಾಶವನ್ನು ತೋರಿಸಲಾರದು, ಮತ್ತು ಎರಡು ಡಿಗ್ರಿಯಷ್ಟು ಹರಡಿರುವ ಕೃತ್ತಿಕೆಯನ್ನು ಇಡಿಯಾಗಿ ನೋಡಬಯಸುವವರಿಗೆ ಸಾಧಾರಣ ಬೈನಾಕ್ಯುಲರೇ ಮೇಲು.

ಬೆಳಕಿನ ಲೆಕ್ಕ ಇದಕ್ಕಿಂತ ಮುಖ್ಯ. ದೂರದರ್ಶಕದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಐಪೀಸಿನಿಂದ ಹೊರಬಂದು ಕಣ್ಣು ಸೇರುವ ಬೆಳಕಿನ ಕಂತೆಯ ದಪ್ಪ ತಿಳಿಯುತ್ತದೆ: 48 ಪಟ್ಟಿಗೆ 3 ಮಿ.ಮೀ.ಗಿಂತ ತುಸು ಹೆಚ್ಚು, 200 ಪಟ್ಟಿಗೆ ಮುಕ್ಕಾಲು ಮಿ.ಮೀ. ಸಂಗ್ರಹವಾದ ಬೆಳಕು ಅಷ್ಟೇ, ಹರಡಬೇಕಾದ ಜಾಗ ಮಾತ್ರ ದೊಡ್ಡದು. ಹೀಗಾಗಿ ನೀಹಾರಿಕೆಯಂಥ ಹರಡಿಕೊಂಡ ಕಾಯದ ಮೇಲ್ಮೈ 48 ಪಟ್ಟಿನಲ್ಲಿ ಕಂಡದ್ದಕ್ಕಿಂತ 200 ಪಟ್ಟಿನಲ್ಲಿ ಸುಮಾರು 17 ಪಟ್ಟು ಮಂಕಾಗುತ್ತದೆ. ಇತ್ತ ವರ್ಧನೆಯನ್ನು 21ಕ್ಕಿಂತ ಕೆಳಗಿಳಿಸಿದರೆ ಕಂತೆ 7 ಮಿ.ಮೀ. ಮೀರುತ್ತದೆ, ಕತ್ತಲಲ್ಲಿ ಅರಳಿದ ಎಳೆಯರ ಕಣ್ಣಪಾಪೆಯೂ ಸಾಮಾನ್ಯವಾಗಿ ಅದಕ್ಕಿಂತ ಅಗಲವಾಗದ ಕಾರಣ ಹೊರಗುಳಿದ ಬೆಳಕು ವ್ಯರ್ಥ. ಮೇಲಿನ ಮಿತಿ ವ್ಯಾಸದ ಪ್ರತಿ ಮಿ.ಮೀ.ಗೆ ಸುಮಾರು ಎರಡು ಪಟ್ಟು, ಅಂದರೆ ಇಲ್ಲಿ 300. ಬಹುತೇಕ ರಾತ್ರಿಗಳಲ್ಲಿ ವಾತಾವರಣದ ಅಲುಗಾಟ ಅಲ್ಲಿಯವರೆಗೂ ಹೋಗಗೊಡುವುದಿಲ್ಲ. ಗುರುಗ್ರಹ 45 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಪಾಲು) ಅಗಲವಿದ್ದಾಗ ಕೇವಲ 40 ಪಟ್ಟಿನಲ್ಲೇ, ಬರಿಗಣ್ಣಿನ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಲೆಕ್ಕ ಮಾತ್ರ ಸರಳ.

ತಯಾರಕರು ಹೇಳುವ ತೋರಿಕೆಯ ಕ್ಷೇತ್ರವನ್ನು ನೆಚ್ಚದೆ ನಿಜಕ್ಷೇತ್ರವನ್ನು ನೀವೇ ಅಳೆಯಬಹುದು. ಮಹಾವ್ಯಾಧನ ನಡುಪಟ್ಟಿಯಲ್ಲಿರುವ ಮಿಂಟಾಕಾ ಖಗೋಳ ವಿಷುವದ್ವೃತ್ತಕ್ಕೆ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಕಲ್ಪಿತ ವೃತ್ತಕ್ಕೆ, ಬಹಳ ಹತ್ತಿರದ ನಕ್ಷತ್ರ. ಭೂಮಿಯ ತಿರುಗುವಿಕೆಯಿಂದ ಅಲ್ಲಿನ ನಕ್ಷತ್ರ ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ದೂರದರ್ಶಕವನ್ನು ಅಲುಗಿಸದೆ, ಅದು ಕ್ಷೇತ್ರದ ನಡುವಿನಿಂದ ಹಾದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಲು ತೆಗೆದುಕೊಂಡ ನಿಮಿಷಗಳನ್ನು ನಾಲ್ಕರಿಂದ ಭಾಗಿಸಿದರೆ ಉತ್ತರ ಡಿಗ್ರಿಗಳಲ್ಲಿ ಬರುತ್ತದೆ. 200 ಪಟ್ಟಿನಲ್ಲಿ ಈ ಪಯಣ ಒಂದೇ ನಿಮಿಷದಲ್ಲಿ ಮುಗಿಯುವುದರಿಂದ, ಕಾಯವನ್ನು ಕಡಿಮೆ ವರ್ಧನೆಯಲ್ಲಿ ಹುಡುಕಿ ನಡುವಿಗೆ ತಂದ ಮೇಲೆಯೇ ಐಪೀಸ್ ಬದಲಿಸುವುದು ಒಳ್ಳೆಯದು.