ಪಕ್ಕದ ಶಾಲೆಯ ಪಾಠ ಕೇಳಿಸಿಕೊಂಡು ಕಲಿತವರು, 24ಕ್ಕೆ ಸ್ಪೀಕರ್ ಆದರು

[ಪರದೆಯ ಮೇಲೆ: ಜಾನ್ ರಾಯ್ ಲಿಂಚ್ ಫೋಟೋ]

1872ರ ಜನವರಿ. ಅಮೆರಿಕದ ಮಿಸಿಸಿಪಿ ರಾಜ್ಯದ ಶಾಸನಸಭೆಗೆ ಹೊಸ ಸ್ಪೀಕರ್ ಬಂದರು. ಕಪ್ಪು ಯುವಕ, ವಯಸ್ಸು 24, ಹೆಸರು ಜಾನ್ ರಾಯ್ ಲಿಂಚ್. ಹತ್ತು ವರ್ಷದ ಹಿಂದೆ ಇದೇ ವ್ಯಕ್ತಿ ಒಬ್ಬ ಜಮೀನುದಾರನ ಗುಲಾಮ!

ಲಿಂಚ್ ಅವರ ಅಪ್ಪ ಐರಿಶ್ ಮೂಲದವರು, ಅಮ್ಮ ಗುಲಾಮಳು. ಅಮ್ಮ ಗುಲಾಮಳಾದರೆ ಮಗುವೂ ಗುಲಾಮ, ಅಲ್ಲಿನ ಕಾನೂನೇ ಹಾಗಿತ್ತು. ಹೆಂಡತಿ ಮಕ್ಕಳನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು ಅಂತ ಅಪ್ಪ ಓಡಾಡುತ್ತಿದ್ದರು, ಅಷ್ಟರಲ್ಲೇ ತೀರಿಕೊಂಡರು. ಕಾಪಾಡುತ್ತೇನೆ ಅಂತ ಮಾತು ಕೊಟ್ಟಿದ್ದ ಗೆಳೆಯ ಅವರನ್ನು ಮಾರಿಬಿಟ್ಟ.

ಆಗ ಗುಲಾಮಗಿರಿ ಬಿಡಲೊಪ್ಪದ ದಕ್ಷಿಣದ ರಾಜ್ಯಗಳಿಗೂ ಅಧ್ಯಕ್ಷ ಲಿಂಕನ್ ಸರ್ಕಾರಕ್ಕೂ ಅಂತರ್ಯುದ್ಧ ನಡೆಯುತ್ತಿತ್ತು. 1863ರಲ್ಲಿ ಲಿಂಕನ್ ಸೈನ್ಯ ಮಿಸಿಸಿಪಿಯ ನ್ಯಾಚೆಜ್ ಊರಿಗೆ ಬಂತು, ಬಿಡುಗಡೆಯೂ ಬಂತು. ಆಮೇಲೆ ಹುಡುಗ ಅಲ್ಲೇ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ. ರಾತ್ರಿ ಶಾಲೆ ಸಿಕ್ಕಿದ್ದು ಕೆಲವೇ ತಿಂಗಳು. ಆದರೆ ಸ್ಟುಡಿಯೋ ಪಕ್ಕದ ಓಣಿಯ ಆಚೆಗೆ ಬಿಳಿಯರ ಮಕ್ಕಳ ಶಾಲೆಯಿತ್ತು. ಕೆಲಸ ಕಡಿಮೆ ಇದ್ದಾಗ ಇವನು ಈಚೆ ಕೂತು, ಮೇಷ್ಟ್ರು ಕೇಳುವ ಪ್ರಶ್ನೆ, ಮಕ್ಕಳು ಕೊಡುವ ಉತ್ತರ ಎಲ್ಲಾ ಕಿವಿಗೊಟ್ಟು ಕೇಳಿ ಕಲಿತುಕೊಂಡ. ನನಗೆ ಇಡೀ ಕಥೆಯಲ್ಲಿ ಜಾಸ್ತಿ ತಟ್ಟಿದ್ದು ಇದೇ.

1867ರಲ್ಲಿ ಸಂಸತ್ತು ಕಾನೂನು ಮಾಡಿ ದಕ್ಷಿಣದ ಕಪ್ಪು ಗಂಡಸರಿಗೆ ಮತದ ಹಕ್ಕು ಕೊಡಿಸಿತು. ರೀಕನ್‌ಸ್ಟ್ರಕ್ಷನ್, ಅಂದರೆ ಯುದ್ಧ ಮುಗಿದ ಮೇಲೆ ದಕ್ಷಿಣವನ್ನು ಮತ್ತೆ ಕಟ್ಟುವ ಕಾಲ. ಆಗ 600ಕ್ಕೂ ಹೆಚ್ಚು ಕಪ್ಪು ಜನ ರಾಜ್ಯಗಳ ಶಾಸಕರಾದರು, ಅವರಲ್ಲಿ ಬಹಳ ಮಂದಿ ಹಿಂದೆ ಗುಲಾಮರಾಗಿದ್ದವರು. ಲಿಂಚ್ ಗೆದ್ದಿದ್ದು 1869ರಲ್ಲಿ. ಮಿಸಿಸಿಪಿಯಲ್ಲಿ ರಾಜ್ಯದ ಉದ್ದಗಲಕ್ಕೂ ಸರ್ಕಾರಿ ಶಾಲೆ ತರುವ ಕಾನೂನು ಬಂದಿದ್ದು ಮರುವರ್ಷ, ಅವರು ಕೂತಿದ್ದ ಸಭೆಯಲ್ಲೇ! ಇನ್ನು ಸ್ಪೀಕರ್ ಆದಾಗ ಸಭೆಯಲ್ಲಿ ಕಪ್ಪು ಸದಸ್ಯರಿಗೆ ಬಹುಮತ ಇರಲಿಲ್ಲ. ಬಿಳಿಯರ ಮತವೂ ಬಿದ್ದಿದ್ದಕ್ಕೇ ಗೆದ್ದರು.

ಇದೆಲ್ಲ ಹೆಚ್ಚು ದಿನ ಉಳಿಯಲಿಲ್ಲ. 1875ರ ಚುನಾವಣೆಯಲ್ಲಿ ಬಂದೂಕು ಹಿಡಿದ ಗುಂಪುಗಳು ಕಪ್ಪು ಮತದಾರರನ್ನು ಹೆದರಿಸಿದವು, ಕೊಂದವು. 1890ರ ರಾಜ್ಯ ಸಂವಿಧಾನ, ಮತ ಹಾಕಬೇಕಾದರೆ ತೆರಿಗೆ ಕಟ್ಟು, ಸಂವಿಧಾನ ಓದು ಇಲ್ಲವೇ ಅದರ ಅರ್ಥ ಹೇಳು ಅಂದಿತು. ಹೇಳಿದ್ದು ಸರಿಯೋ ತಪ್ಪೋ ಅಂತ ತೀರ್ಮಾನ ಮಾಡೋದು ಮಾತ್ರ ಅಲ್ಲಿ ಕೂತ ಅಧಿಕಾರಿ!

ಆಮೇಲೆ ಎಷ್ಟೋ ಇತಿಹಾಸಕಾರರು ಈ ಶಾಸಕರನ್ನು ಅಯೋಗ್ಯರು ಅಂತಲೇ ಬರೆದರು. ಲಿಂಚ್ ಸುಮ್ನೆ ಇರಲಿಲ್ಲ. 1913ರಲ್ಲಿ, 65 ದಾಟಿದ ಮೇಲೆ, ತಾವು ಕಂಡಿದ್ದನ್ನೇ ಇಟ್ಟುಕೊಂಡು ಉತ್ತರವಾಗಿ ಒಂದು ಪುಸ್ತಕ ಪ್ರಕಟಿಸಿದರು. 1939ರಲ್ಲಿ ಷಿಕಾಗೋದಲ್ಲಿ ತೀರಿಕೊಂಡರು, 92ನೇ ವಯಸ್ಸಿನಲ್ಲಿ.

ಮುಂದಿನ ವಿಡಿಯೋದಲ್ಲಿ ಸೌತ್ ಕ್ಯಾರೊಲೈನಾದ ರಾಬರ್ಟ್ ಸ್ಮಾಲ್ಸ್. ಗುಲಾಮನಾಗಿದ್ದಾಗಲೇ ದಕ್ಷಿಣದ ಸೈನ್ಯದ ಹಡಗನ್ನು ನಡೆಸಿಕೊಂಡು ಪಾರಾದವರು, ಅವರೂ ಶಾಸಕರಾದರು.