ಬಾವಿಗಳ ಊರು ವಜೀರ್

ಕೇಳುಗರಿಗೆ ನಮಸ್ಕಾರ.

ಭೂಮಧ್ಯರೇಖೆಯಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ, ಕೀನ್ಯಾದ ಈಶಾನ್ಯ ಬಯಲಿನಲ್ಲಿ ವಜೀರ್ ಎಂಬ ಊರಿದೆ. ಇಲ್ಲಿನ ಜನ ಬಹುಪಾಲು ಸೋಮಾಲಿಗಳು. ಒಂಟೆ ಅವರ ಆಸ್ತಿ. ಸುತ್ತ ಕುರುಚಲು ಮುಳ್ಳುಗಿಡ, ಕಣ್ಣು ಹಾಯುವಷ್ಟು ದೂರ ಚಪ್ಪಟೆ ನೆಲ. 'ಗು' ಎಂಬ ಏಪ್ರಿಲ್ ಮಳೆ, 'ದೆಯರ್' ಎಂಬ ಅಕ್ಟೋಬರ್ ಮಳೆ, ಎರಡೂ ಸೇರಿ ವರ್ಷಕ್ಕೆ 300 ಮಿಲಿಮೀಟರಿನ ಆಸುಪಾಸು. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಇಂಥ ಕಡೆ ಊರು ಹುಟ್ಟಿದ್ದಾದರೂ ಹೇಗೆ? ಇಲ್ಲಿ ಸುಣ್ಣಕಲ್ಲಿನ ನೆಲದಡಿ ಕೆಲವೇ ಮೀಟರ್ ಆಳದಲ್ಲಿ ನೀರಿದೆ. ಕೈಯಿಂದ ತೋಡಿದ ಬಾವಿಗಳು ಊರ ತುಂಬ. ಮದನ್ಲೆ ಎಂಬ ದೈತ್ಯಾಕಾರದ ಜನ ಹಿಂದೆಂದೋ ಇವನ್ನು ತೋಡಿದರೆಂಬುದು ಐತಿಹ್ಯ. ನೀರು ಉಪ್ಪುಪ್ಪು, ಆದರೆ ಬೇಸಿಗೆಯಲ್ಲಿ ಒಂಟೆಗೆ ಇದೇ ಜೀವ. ಹಾಗಾಗಿ ಬಾವಿ ಯಾರ ಕೈಯಲ್ಲೋ ಸುತ್ತಲ ಮೇವೂ ಅವರದೇ. ವಜೀರಿನ ಚರಿತ್ರೆಯ ಜಗಳಗಳೆಲ್ಲ ಇಲ್ಲಿಂದಲೇ ಶುರು.

ಮೊದಲು ಬೋರಾನರೆಂಬ ದನಗಾಹಿ ಜನರ ಹಿಡಿತದಲ್ಲಿದ್ದ ಈ ಬಾವಿಗಳತ್ತ ಸೋಮಾಲಿ ಕುಲಗಳು ಪೂರ್ವದಿಂದ ಒತ್ತಿಕೊಂಡು ಬಂದವು. 1912ರಲ್ಲಿ ಬ್ರಿಟಿಷರು ಇಲ್ಲಿ ಠಾಣೆ ಹಾಕಿದರು. ಯಾವ ಕುಲದ ದನ-ಒಂಟೆ ಎಲ್ಲಿ ಮೇಯಬೇಕೆಂದು ಗೆರೆ ಎಳೆದರು. 1930ರ ದಶಕದಲ್ಲಿ ಬೋರಾನರು ಈ ಬಾವಿಗಳನ್ನು ಬಿಟ್ಟುಕೊಡಬೇಕಾಯಿತು. ಅಂದಹಾಗೆ, ಬ್ರಿಟಿಷ್ ಅಧಿಕಾರಿಗಳು ಬೇಸರ ಕಳೆಯಲು ಕಟ್ಟಿಕೊಂಡ ಕ್ಲಬ್ಬಿಗೆ ಇಟ್ಟ ಹೆಸರು 'ರಾಯಲ್ ವಜೀರ್ ಯಾಚ್ ಕ್ಲಬ್'. ಹಾಯಿದೋಣಿ ಬಿಡಲು ಸಮುದ್ರ ಮುನ್ನೂರು ಕಿಲೋಮೀಟರಿಗೂ ಆಚೆ!

ನಗುವ ವಿಷಯ ಇಷ್ಟೇ. ಸ್ವಾತಂತ್ರ್ಯ ಸಮೀಪಿಸಿದಾಗ, 1962ರಲ್ಲಿ, ಬ್ರಿಟಿಷ್ ಆಯೋಗವೊಂದು ಬಂದು ಜನರನ್ನು ಕೇಳಿತು. ಬಹುಮಂದಿ ಸೋಮಾಲಿಯಾ ಸೇರುತ್ತೇವೆ ಎಂದರು. ಆದರೂ ಪ್ರದೇಶ ಕೀನ್ಯಾದಲ್ಲೇ ಉಳಿಯಿತು. 1963ರಿಂದ 1967ರವರೆಗೆ ಸೋಮಾಲಿಯಾ ಸೇರಬಯಸಿದವರಿಗೂ ಕೀನ್ಯಾ ಸರ್ಕಾರಕ್ಕೂ 'ಶಿಫ್ತಾ' (ಡಕಾಯಿತ ಎಂದರ್ಥ) ಯುದ್ಧ ನಡೆಯಿತು. ಯುದ್ಧ ಮುಗಿದರೂ ಈ ಪ್ರದೇಶದಲ್ಲಿ ತುರ್ತುಪರಿಸ್ಥಿತಿ ಮಾತ್ರ 1991ರವರೆಗೆ ಮುಂದುವರಿಯಿತು. ಒಂದಿಡೀ ತಲೆಮಾರು ಅದರ ನೆರಳಿನಲ್ಲೇ ಬೆಳೆಯಿತು.

1984ರ ಫೆಬ್ರವರಿ. ಆಯುಧ ವಶಪಡಿಸಿಕೊಳ್ಳುವ ಹೆಸರಿನಲ್ಲಿ ಕೀನ್ಯಾದ ಸೈನಿಕರು ದೆಗೋದಿಯಾ ಎಂಬ ಸೋಮಾಲಿ ಕುಲದ ಗಂಡಸರನ್ನು ಊರ ಪಶ್ಚಿಮದ ವಗಲ್ಲಾ ವಿಮಾನಪಟ್ಟಿಗೆ ತುಂಬಿಕೊಂಡು ಹೋದರು. ದಿನಗಟ್ಟಲೆ ಉರಿಬಿಸಿಲಿನಲ್ಲಿ, ಅನ್ನ ನೀರಿಲ್ಲದೆ ಕೂಡಿಹಾಕಿದರು, ಗುಂಡಿಟ್ಟರು. ಸತ್ತವರು 57 ಎಂದಿತು ಸರ್ಕಾರ. ಬದುಕುಳಿದವರ ಲೆಕ್ಕ ಸಾವಿರ ದಾಟುತ್ತದೆ. ವಜೀರಿನಲ್ಲಿ ಅಲೆಮಾರಿಗಳ ಕ್ಷಯಕ್ಕೆ ಚಿಕಿತ್ಸೆ ಕೊಡುತ್ತಿದ್ದ ಇಟಲಿಯ ಅನಲೇನಾ ತೊನೆಲ್ಲಿ ಗಾಯಾಳುಗಳನ್ನು ಉಳಿಸಿದರು, ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದರು. ಆಮೇಲೆ ಅವರು ದೇಶ ಬಿಡಬೇಕಾಯಿತು.

1992ರ ಚುನಾವಣೆಯ ಬಳಿಕ ಕುಲಕುಲಗಳ ನಡುವೆ ಮತ್ತೆ ರಕ್ತ ಹರಿಯಿತು. ಒಂದು ಕುಲದವರು ಇನ್ನೊಂದು ಕುಲದವರೊಡನೆ ವ್ಯಾಪಾರ ಮಾಡದ ಸ್ಥಿತಿ. ಆಗ ದೇಖಾ ಇಬ್ರಾಹಿಂ ಅಬ್ದಿ ಮತ್ತು ಕೆಲವು ಹೆಂಗಸರು ಸಂತೆಯನ್ನೇ ಹಿಡಿದರು: ಯಾರು ಬೇಕಾದರೂ ಕೊಳ್ಳಬಹುದು, ಮಾರಬಹುದು. ಜಗಳವೆದ್ದರೆ ಅಲ್ಲೇ ನಿಂತು ಬಿಡಿಸುವುದು. ಸಂತೆಯಿಂದ ಹಿರಿಯರ ಬಳಿಗೆ, ಹಿರಿಯರಿಂದ ಅಧಿಕಾರಿಗಳ ಬಳಿಗೆ ಹೋದರು. 1993ರಲ್ಲಿ ಕುಲಗಳ ಹಿರಿಯರು ಅಲ್ ಫತಾಹ್ ಘೋಷಣೆ ಎಂಬ ಶಾಂತಿ ಒಪ್ಪಂದಕ್ಕೆ ಒಪ್ಪಿದರು. ದೇಖಾ ಅವರಿಗೆ 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ತೀರಿಕೊಂಡರು. ಇವರ ಶಾಂತಿ ಸಮಿತಿಯ ಮಾದರಿಯನ್ನು ಮುಂದೆ ಕೀನ್ಯಾದ ಬೇರೆ ಜಿಲ್ಲೆಗಳೂ ಅನುಸರಿಸಿದವು. ನನ್ನ ಮಟ್ಟಿಗೆ ವಜೀರಿನ ನಿಜವಾದ ಸಾಧನೆ ಇದೇ.

2013ರಿಂದ ಈ ಊರು ವಜೀರ್ ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕದ) ಕೇಂದ್ರ. ಊರು ಬೆಳೆದಿದೆ, ಜೊತೆಗೆ ಹಳೆಯದೊಂದು ತಲೆನೋವೂ. ನೀರು ಅಷ್ಟು ಮೇಲೆಯೇ ಇರುವುದರಿಂದ ಕಕ್ಕಸಿಗೆ ಗುಂಡಿ ತೋಡುವಂತಿಲ್ಲ, ತೋಡಿದರೆ ಹೊಲಸು ನೇರವಾಗಿ ಬಾವಿಗೆ. ಹಾಗಾಗಿ ದಶಕಗಟ್ಟಲೆ ಇಲ್ಲಿ ಬಕೆಟ್ ಕಕ್ಕಸುಗಳೇ ಗತಿಯಾದವು. ಬಕೆಟ್ ತುಂಬಿದಂತೆಲ್ಲ ಯಾರಾದರೂ ಹೊತ್ತು ಊರಾಚೆ ಸುರಿಯಬೇಕಾಗುತ್ತಿತ್ತು. ಕಾಲರಾ ಈ ಊರನ್ನು ಪದೇ ಪದೇ ಕಾಡಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ನಮಸ್ಕಾರ.